ವೆಬ್ ಡೆವಲಪರ್‌ಗಳಿಗೆ ಬೇಕಾದ ಟೂಲ್‌ಗಳು, ಕಲಿಯುವ ದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೆಬ್ ಡೆವಲಪ್‌ಮೆಂಟ್ ಈಗಷ್ಟೇ ಕಲಿಯುತ್ತಿರುವವರು, ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಇಲ್ಲಿ ಹೆಸರಿಸಿರುವ ಹೆಚ್ಚಿನವು ಉಚಿತ. ನೂರಾರು ಟೂಲ್‌ಗಳ ಪಟ್ಟಿ ಈ ಪುಟದಲ್ಲಿ ಸಿಗುವುದಿಲ್ಲ. ಕೆಲವನ್ನೇ ಆರಿಸಿಕೊಂಡು ಅವುಗಳಲ್ಲಿ ಕೈ ಪಳಗಿಸಿಕೊಳ್ಳುವುದು ಮೇಲು. ಅದಕ್ಕೂ ಮೊದಲು, ಬ್ರೌಸರ್ ನಮಗೆ ಏನು ಹೇಳುತ್ತಿದೆ ಅಂತ ಓದುವುದನ್ನು ಕಲಿಯಬೇಕು. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯಿಂದಲೇ ಬಂದವು.

ಶುರು ಮಾಡೋಕೆ ಏನೇನು ಇನ್‌ಸ್ಟಾಲ್ ಮಾಡಬೇಕು?

ಒಂದು ಬ್ರೌಸರ್, ಒಂದು ಎಡಿಟರ್. ಅಷ್ಟೇ. ಬ್ರೌಸರ್ ಕ್ರೋಮ್ ಆದರೂ ಸರಿ, ಫೈರ್‌ಫಾಕ್ಸ್ ಆದರೂ ಸರಿ. ಎಡಿಟರ್‌ಗೆ ವಿಎಸ್ ಕೋಡ್ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಈ ಎಡಿಟರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರೊಳಗೆ ಎಮ್ಮೆಟ್ ಮೊದಲೇ ಇರುತ್ತದೆ. ಖಾಲಿ ಎಚ್‌ಟಿಎಂಎಲ್ ಫೈಲ್‌ನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬರೆದು ಟ್ಯಾಬ್ ಒತ್ತಿ ನೋಡಿ, ಪುಟದ ಪೂರ್ತಿ ಚೌಕಟ್ಟು ತಾನಾಗಿ ಬಂದುಬಿಡುತ್ತದೆ.

ಎಡಿಟರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳ ವಿಷಯದಲ್ಲಿ ಕೈ ಬಿಗಿ ಇರಲಿ. ಫೈಲ್ ಉಳಿಸಿದ ಕೂಡಲೇ ಪುಟ ರಿಫ್ರೆಶ್ ಆಗಲು ಲೈವ್ ಸರ್ವರ್, ಕೋಡನ್ನು ನೀಟಾಗಿ ಜೋಡಿಸಲು ಪ್ರಿಟಿಯರ್. ಜಾವಾಸ್ಕ್ರಿಪ್ಟ್ ಸ್ವಲ್ಪ ಬಂದ ಮೇಲೆ, ಕೋಡ್‌ನ ತಪ್ಪುಗಳನ್ನು ಹಿಡಿದು ತೋರಿಸಲು ಇಎಸ್‌ಲಿಂಟ್. ಇವು ಸಾಕು. ಮೊದಲ ದಿನವೇ ಇಪ್ಪತ್ತು ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಯಾವುದು ಏನು ಮಾಡುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಏನನ್ನೂ ಇನ್‌ಸ್ಟಾಲ್ ಮಾಡದೆ ಸುಮ್ನೆ ಒಂದು ಐಡಿಯಾ ನೋಡಬೇಕೆಂದರೆ ಕೋಡ್‌ಪೆನ್ ತೆರೆಯಿರಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬರೆದಂತೆಲ್ಲ ಫಲಿತಾಂಶ ಅಲ್ಲೇ ಕಾಣುತ್ತದೆ.

ದುಡ್ಡು ಕೊಡದೆ ಎಲ್ಲಿ ಚೆನ್ನಾಗಿ ಕಲಿಯಬಹುದು?

ನೀವು ಹೇಗೆ ಕಲಿಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಹೆಜ್ಜೆ ಹೆಜ್ಜೆಗೂ ಯಾರಾದರೂ ಕೈ ಹಿಡಿದು ನಡೆಸಬೇಕು ಅನ್ನಿಸಿದರೆ ಫ್ರೀಕೋಡ್‌ಕ್ಯಾಂಪ್. 2014ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಇದು. ಚಿಕ್ಕ ಚಿಕ್ಕ ಪಾಠಗಳು, ಬ್ರೌಸರ್‌ನಲ್ಲೇ ಕೋಡ್ ಬರೆಯುವ ಜಾಗ, ಬರೆದದ್ದು ಸರಿಯಿದೆಯೇ ಅಂತ ಕೂಡಲೇ ಪರೀಕ್ಷೆ.

ಸ್ವಲ್ಪ ಒದ್ದಾಡಿದರೂ ಪರವಾಗಿಲ್ಲ, ಗಟ್ಟಿಯಾಗಿ ಕಲಿಯಬೇಕು ಅನ್ನುವವರಿಗೆ ದಿ ಓಡಿನ್ ಪ್ರಾಜೆಕ್ಟ್. ಇದು ನಿಮ್ಮದೇ ಕಂಪ್ಯೂಟರ್‌ನಲ್ಲಿ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್), ಕಮಾಂಡ್ ಲೈನ್ (ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಪರದೆ) ಎಲ್ಲವನ್ನೂ ಮೊದಲಿನಿಂದ ಬಳಸುವ ಹಾಗೆ ಮಾಡುತ್ತದೆ. ಓದಲು ಹೇಳುತ್ತದೆ, ಆಮೇಲೆ ಒಂದು ಪ್ರಾಜೆಕ್ಟ್ ಕೊಟ್ಟು ನಿಮ್ಮ ಪಾಡಿಗೆ ಬಿಡುತ್ತದೆ. ಕೆಲಸದಲ್ಲಿ ಆಗುವುದೂ ಹೀಗೇ. ಅದಕ್ಕೇ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಜಾವಾಸ್ಕ್ರಿಪ್ಟನ್ನು ಮಾತ್ರ ಆಳವಾಗಿ ಕಲಿಯಲು ಜಾವಾಸ್ಕ್ರಿಪ್ಟ್ ಡಾಟ್ ಇನ್ಫೋ ತಾಣಕ್ಕೆ ಹೋಗಿ. ಪ್ರತಿ ಅಧ್ಯಾಯದ ಕೊನೆಯ ಅಭ್ಯಾಸಗಳನ್ನು ಬಿಡದೆ ಮಾಡಿ. ಸಿಎಸ್‌ಎಸ್, ಫಾರ್ಮ್, ಚಿತ್ರ ಇಂಥ ಒಂದೊಂದೇ ವಿಷಯವನ್ನು ಹಿಡಿದು ಓದಲು ಗೂಗಲ್‌ನ ವೆಬ್ ಡಾಟ್ ದೇವ್ ತಾಣದ ಕೋರ್ಸ್‌ಗಳು ಚೆನ್ನಾಗಿವೆ. ಪೈಥಾನ್ ಜೊತೆ ಸರ್ವರ್ ಕಡೆಯ ಕೆಲಸವನ್ನೂ ಕಲಿಯುವ ಆಸೆ ಇದ್ದರೆ ಹಾರ್ವರ್ಡ್‌ನ ಸಿಎಸ್50 ಸರಣಿಯಲ್ಲಿ ವೆಬ್ ಪ್ರೋಗ್ರಾಮಿಂಗ್‌ಗೇ ಒಂದು ಕೋರ್ಸ್ ಇದೆ.

ಇವುಗಳಲ್ಲಿ ಒಂದನ್ನು ಹಿಡಿಯಿರಿ, ಮುಗಿಸಿ. ಮೂರನ್ನು ಅರ್ಧಂಬರ್ಧ ಮಾಡಿದರೆ ಮೂರು ಸಲವೂ ಮೊದಲ ಪಾಠಗಳನ್ನೇ ಕಲಿತ ಹಾಗಾಗುತ್ತದೆ.

ಎಂಡಿಎನ್ ಓದಿದರೆ ತಲೆ ತಿರುಗುತ್ತದೆ. ಡಬ್ಲ್ಯು3ಸ್ಕೂಲ್ಸ್ ಸಾಕಲ್ವಾ?

ಮೊದಲ ಪರಿಚಯಕ್ಕೆ ಡಬ್ಲ್ಯು3ಸ್ಕೂಲ್ಸ್ ಸಾಕು. ಚಿಕ್ಕ ಉದಾಹರಣೆ, ಅಲ್ಲೇ ಬದಲಿಸಿ ನೋಡುವ ಬಟನ್, ಓದಲು ಸುಲಭ. ಒಂದು ವಿಷಯ ಮಾತ್ರ ತಿಳಿದಿರಲಿ: ಹೆಸರು ನೋಡಿ ಹಲವರು ಇದನ್ನು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯದ್ದು ಅಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ.

ಆದರೆ ಎಂಡಿಎನ್‌ಗೆ ಹೆದರಿ ದೂರ ಉಳಿಯಬೇಡಿ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2005ರಲ್ಲಿ ಶುರು ಮಾಡಿದ, ವೆಬ್ ತಂತ್ರಜ್ಞಾನಗಳನ್ನು ವಿವರಿಸುವ ದಾಖಲೆ ಅದು. 2017ರಿಂದ ಗೂಗಲ್, ಮೈಕ್ರೋಸಾಫ್ಟ್‌ನಂಥವರೂ ಅದಕ್ಕೆ ಕೈ ಜೋಡಿಸಿದ್ದಾರೆ. ಓದುವ ಕ್ರಮ ಗೊತ್ತಿಲ್ಲದಿರುವುದೇ ಹೆಚ್ಚಿನವರ ತೊಂದರೆ. ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಬೇಕಾಗಿಲ್ಲ. ಮೊದಲ ಪ್ಯಾರಾ ಓದಿ, ಅಲ್ಲಿರುವ ಉದಾಹರಣೆಯನ್ನು ಬದಲಿಸಿ ನೋಡಿ. ಫಂಕ್ಷನ್ ಆಗಿದ್ದರೆ ಅದು ಏನನ್ನು ವಾಪಸ್ ಕೊಡುತ್ತದೆ ಅನ್ನುವ ಭಾಗವನ್ನು ಮಾತ್ರ ಓದಿ. ಕೊನೆಗೆ ಯಾವ ಬ್ರೌಸರ್‌ನಲ್ಲಿ ಓಡುತ್ತದೆ ಅನ್ನುವ ಕೋಷ್ಟಕದ ಮೇಲೆ ಕಣ್ಣಾಡಿಸಿ. ಉಳಿದದ್ದು ಬೇಕಾದಾಗ ನೋಡಿದರಾಯಿತು. ಉದಾಹರಣೆಗೆ ಅರೇಯನ್ನು (ಮೌಲ್ಯಗಳ ಪಟ್ಟಿ) ಕ್ರಮವಾಗಿ ಜೋಡಿಸುವ ಸಾರ್ಟ್ ಬಗ್ಗೆ ಆ ಒಂದು ಭಾಗ ಓದಿದರೂ ಸಾಕು, ಅದು ಹೊಸ ಅರೇ ಮಾಡದೆ ಇದ್ದ ಅರೇಯನ್ನೇ ಬದಲಿಸುತ್ತದೆ ಅಂತ ತಿಳಿಯುತ್ತದೆ. ಈ ಒಂದು ಸಾಲು ಗೊತ್ತಿಲ್ಲದೆ ಹುಟ್ಟುವ ಬಗ್‌ಗಳು ಲೆಕ್ಕವಿಲ್ಲದಷ್ಟು.

ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ. ನಾನೇ ಬರೆಯಲು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ. ಏನು ಮಾಡಲಿ?

ವಿಡಿಯೊ ನಿಲ್ಲಿಸಿ, ಅದೇ ವಸ್ತುವನ್ನು ನೋಡದೆ ಕಟ್ಟಿ. ಅವರು ಮಾಡಬೇಕಾದ ಕೆಲಸಗಳ ಪಟ್ಟಿ ಮಾಡಿದ್ದರೆ ನೀವು ಖರ್ಚಿನ ಲೆಕ್ಕ ಮಾಡಿ. ತಂತ್ರ ಒಂದೇ, ವಸ್ತು ಬೇರೆ. ಆಗ ನಕಲು ಮಾಡಲು ಆಗುವುದಿಲ್ಲ, ಯೋಚಿಸಲೇಬೇಕಾಗುತ್ತದೆ. ಕಟ್ಟಬೇಕಾದದ್ದನ್ನು ಚಿಕ್ಕದಾಗಿ ಒಡೆದುಕೊಳ್ಳಿ: ಮೊದಲು ಒಂದು ಇನ್‌ಪುಟ್ ಪೆಟ್ಟಿಗೆ, ಆಮೇಲೆ ಬಟನ್ ಒತ್ತಿದರೆ ಕನ್ಸೋಲ್‌ನಲ್ಲಿ (ಬ್ರೌಸರ್ ಸಂದೇಶಗಳನ್ನು ತೋರಿಸುವ ಜಾಗ) ಅದರಲ್ಲಿ ಬರೆದದ್ದು ಕಾಣಬೇಕು, ಆಮೇಲೆ ಅದು ಪುಟದ ಮೇಲೆ ಬರಬೇಕು, ಆಮೇಲೆ ಪುಟ ರಿಫ್ರೆಶ್ ಮಾಡಿದರೂ ಉಳಿಯಬೇಕು. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಈಗ ನಿಖರವಾಗಿ ಹೇಳಬಲ್ಲಿರಿ. ಹುಡುಕಲು ಸರಿಯಾದ ಪ್ರಶ್ನೆಯೂ ಸಿಕ್ಕಿತು.

ಡೆವ್‌ಟೂಲ್ಸ್ ಅಂದರೆ ಏನು? ಅದನ್ನು ಕಲಿಯಲೇಬೇಕಾ?

ಕಲಿಯಲೇಬೇಕು. ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಡೆವ್‌ಟೂಲ್ಸ್ ಅಂದರೆ ಪುಟದ ಒಳಗೆ ಏನಾಗುತ್ತಿದೆ ಅಂತ ತೋರಿಸುವ ಟೂಲ್‌ಗಳ ಗುಂಪು, ಕಂಪ್ಯೂಟರ್‌ನ ಮುಖ್ಯ ಬ್ರೌಸರ್‌ಗಳ ಒಳಗೆಲ್ಲ ಇರುತ್ತದೆ. ಎಫ್12 ಒತ್ತಿ, ಅಥವಾ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಆರಿಸಿ. 2006ರಲ್ಲಿ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಬರುವ ತನಕ ಎಷ್ಟೋ ಡೆವಲಪರ್‌ಗಳು ಅಲರ್ಟ್ ಪೆಟ್ಟಿಗೆಗಳನ್ನು ತೋರಿಸಿ ತೋರಿಸಿ ಬಗ್ ಹುಡುಕುತ್ತಿದ್ದರು. ಇವತ್ತು ಆ ಸೌಲಭ್ಯ ಬೆರಳ ತುದಿಯಲ್ಲಿದೆ. ಆದರೂ ಎಷ್ಟೋ ಜನ ಕನ್ಸೋಲ್ ತೆರೆಯದೆ ಗಂಟೆಗಟ್ಟಲೆ ಊಹೆ ಮಾಡುತ್ತಾ ಕೂರುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಉದಾಹರಣೆ. ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಕೋಡ್ ಸರಿಯಾಗಿಯೇ ಕಾಣುತ್ತಿದೆ. ಕನ್ಸೋಲ್ ತೆರೆದರೆ ಕೆಂಪು ಅಕ್ಷರದಲ್ಲಿ ಒಂದು ಸಾಲು: 'ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್'. ಗಾಬರಿಯಾಗಬೇಡಿ, ಇದು ತುಂಬ ಸ್ಪಷ್ಟವಾದ ಮಾತು. ನೀವು ಯಾವುದೋ ವಸ್ತುವಿಗೆ ಕ್ಲಿಕ್ ಜೋಡಿಸಲು ಹೋದಿರಿ, ಆ ವಸ್ತು ಸಿಗಲೇ ಇಲ್ಲ ಅಂತ ಅರ್ಥ. ಬಲಗಡೆ ಫೈಲ್ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ಒತ್ತಿದರೆ ನೇರ ಆ ಸಾಲಿಗೇ ಹೋಗುತ್ತೀರಿ. ಅಲ್ಲಿ ಕ್ವೆರಿಸೆಲೆಕ್ಟರ್ ಎಂಬ ಫಂಕ್ಷನ್ ಪುಟದಲ್ಲಿ ಬಟನ್ ಹುಡುಕುತ್ತಿದೆ. ಯಾಕೆ ಸಿಗಲಿಲ್ಲ? ಎರಡು ಸಾಧ್ಯತೆಗಳು. ಕ್ಲಾಸ್ ಹೆಸರಿನಲ್ಲಿ ಕಾಗುಣಿತ ತಪ್ಪಿರಬಹುದು, ಅಥವಾ ಹೆಸರಿನ ಮೊದಲು ಬರುವ ಚುಕ್ಕೆ ಬಿಟ್ಟಿರಬಹುದು. ಇಲ್ಲವೆಂದರೆ ಸ್ಕ್ರಿಪ್ಟ್ ಟ್ಯಾಗ್ ಹೆಡ್‌ನಲ್ಲಿದೆ. ಬ್ರೌಸರ್ ಪುಟವನ್ನು ಮೇಲಿಂದ ಕೆಳಗೆ ಓದುತ್ತದೆ. ಸ್ಕ್ರಿಪ್ಟ್ ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿಯೇ ಇರಲಿಲ್ಲ. ಸ್ಕ್ರಿಪ್ಟ್ ಟ್ಯಾಗ್‌ಗೆ ಡಿಫರ್ ಅಂತ ಸೇರಿಸಿದರೆ ಪುಟ ಪೂರ್ತಿ ಓದಿದ ಮೇಲೆ ಅದು ಓಡುತ್ತದೆ. ಬಗ್ ಹೋಯಿತು.

ಇದೇ ರೀತಿ ಎಲಿಮೆಂಟ್ಸ್ ಟ್ಯಾಬ್. ಬಣ್ಣ ಬದಲಿಸಿದರೂ ಬದಲಾಗುತ್ತಿಲ್ಲ ಅಂದರೆ ಆ ಎಲಿಮೆಂಟ್ ಆರಿಸಿ, ಪಕ್ಕದ ಸ್ಟೈಲ್ಸ್ ನೋಡಿ. ನಿಮ್ಮ ನಿಯಮದ ಮೇಲೆ ಗೆರೆ ಎಳೆದಿದ್ದರೆ ಬೇರೆ ನಿಯಮ ಅದನ್ನು ಗೆದ್ದಿದೆ, ಅಥವಾ ನೀವು ಬರೆದದ್ದು ಬ್ರೌಸರ್‌ಗೆ ಅರ್ಥವಾಗಿಲ್ಲ. ನಿಯಮ ಅಲ್ಲಿ ಇಲ್ಲವೇ ಇಲ್ಲ ಅಂದರೆ ಸೆಲೆಕ್ಟರ್ ತಪ್ಪಿದೆ, ಅಥವಾ ಸಿಎಸ್‌ಎಸ್ ಫೈಲ್ ಬಂದೇ ಇಲ್ಲ. ಬಂದಿದೆಯೋ ಇಲ್ಲವೋ ಅನ್ನುವುದನ್ನು ನೆಟ್‌ವರ್ಕ್ ಟ್ಯಾಬ್ ಹೇಳುತ್ತದೆ. 404 ಅಂತಿದ್ದರೆ ಫೈಲ್‌ನ ದಾರಿ ತಪ್ಪು. ಬದಲಾವಣೆ ಕಾಣುತ್ತಿಲ್ಲ, ಹಳೆಯದೇ ಬರುತ್ತಿದೆ ಅನ್ನಿಸಿದರೆ ಅದೇ ಟ್ಯಾಬ್‌ನಲ್ಲಿ ಡಿಸೇಬಲ್ ಕ್ಯಾಶ್ ಗುರುತು ಹಾಕಿ.

ಇವು ಕೈಗೆ ಹತ್ತಿದ ಮೇಲೆ ಸೋರ್ಸಸ್ ಟ್ಯಾಬ್‌ನಲ್ಲಿ ಬ್ರೇಕ್‌ಪಾಯಿಂಟ್ ಇಡುವುದನ್ನು ಕಲಿಯಿರಿ. ಕೋಡ್ ಆ ಸಾಲಿನಲ್ಲಿ ನಿಲ್ಲುತ್ತದೆ, ಪ್ರತಿ ವೇರಿಯಬಲ್‌ನಲ್ಲಿ ಆ ಕ್ಷಣ ಏನಿದೆ ಅಂತ ನೋಡಬಹುದು.

ಸಿಎಸ್‌ಎಸ್ ಲೇಔಟ್ ಯಾವಾಗಲೂ ಅಡ್ಡಾದಿಡ್ಡಿ ಆಗುತ್ತದೆ. ಸುಲಭದ ದಾರಿ ಇದೆಯಾ?

ಸಿಎಸ್‌ಎಸ್‌ನಲ್ಲಿ ಲೇಔಟ್ ಜೋಡಿಸುವ ಎರಡು ವಿಧಾನಗಳು ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್. ಇವನ್ನು ಕಲಿಸುವ ಎರಡು ಆಟಗಳಿವೆ, ಆಡಿ. ಫ್ಲೆಕ್ಸ್‌ಬಾಕ್ಸ್ ಫ್ರಾಗಿಯಲ್ಲಿ 24 ಹಂತಗಳು, ಗ್ರಿಡ್ ಗಾರ್ಡನ್‌ನಲ್ಲಿ 28. ಒಂದರಲ್ಲಿ ಕಪ್ಪೆಗಳನ್ನು ಎಲೆಗಳ ಮೇಲೆ ಕೂರಿಸಬೇಕು, ಇನ್ನೊಂದರಲ್ಲಿ ಕ್ಯಾರೆಟ್ ಸಾಲಿಗೆ ನೀರು ಹಾಯಿಸಬೇಕು. ಮಕ್ಕಳಾಟದಂತೆ ಕಂಡರೂ ಜಸ್ಟಿಫೈ ಕಂಟೆಂಟ್, ಅಲೈನ್ ಐಟಮ್ಸ್ ನಡುವಿನ ಗೊಂದಲ ಪರಿಹಾರವಾಗುತ್ತದೆ.

ಆಮೇಲೆ ನಿಮ್ಮ ಪುಟದಲ್ಲಿ: ಡೆವ್‌ಟೂಲ್ಸ್‌ನ ಎಲಿಮೆಂಟ್ಸ್‌ನಲ್ಲಿ ಫ್ಲೆಕ್ಸ್ ಅಥವಾ ಗ್ರಿಡ್ ಇರುವ ಟ್ಯಾಗ್ ಪಕ್ಕ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಒತ್ತಿದರೆ ಕಾಣದ ಗೆರೆಗಳೆಲ್ಲ ಪುಟದ ಮೇಲೆ ಮೂಡುತ್ತವೆ. ಮೊಬೈಲ್‌ನಲ್ಲಿ ಪುಟ ಅಡ್ಡಕ್ಕೆ ಸರಿಯುತ್ತಿದ್ದರೆ ಎಲ್ಲ ಎಲಿಮೆಂಟ್‌ಗಳಿಗೂ ತಾತ್ಕಾಲಿಕವಾಗಿ ಕೆಂಪು ಔಟ್‌ಲೈನ್ ಹಾಕಿ. ಯಾವುದು ಹೊರಗೆ ಚಾಚಿದೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಬಾರ್ಡರ್ ಬೇಡ, ಅದು ಅಳತೆಯನ್ನೇ ಬದಲಿಸಿಬಿಡಬಹುದು. ಔಟ್‌ಲೈನ್ ಜಾಗ ತಿನ್ನುವುದಿಲ್ಲ.

ಹೊಸ ಫೀಚರ್ ಬಳಸಿದರೆ ಎಲ್ಲ ಬ್ರೌಸರ್‌ನಲ್ಲೂ ನಡೆಯುತ್ತದಾ ಅಂತ ಹೇಗೆ ತಿಳಿಯುವುದು?

ಕ್ಯಾನ್ ಐ ಯೂಸ್ ತಾಣದಲ್ಲಿ ಫೀಚರ್ ಹೆಸರು ಹಾಕಿ. ಯಾವ ಬ್ರೌಸರ್‌ನ ಯಾವ ಆವೃತ್ತಿಯಿಂದ ನಡೆಯುತ್ತದೆ ಅಂತ ಬರುತ್ತದೆ. ಈಗ ಎಂಡಿಎನ್ ಪುಟಗಳ ಮೇಲೆ ಬೇಸ್‌ಲೈನ್ ಎಂಬ ಗುರುತೂ ಇದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ ಬಂದರೆ ಅದು ಹೊಸದಾಗಿ ಲಭ್ಯ. ಹಾಗೆ ಬಂದು 30 ತಿಂಗಳು ಕಳೆದರೆ ವ್ಯಾಪಕವಾಗಿ ಲಭ್ಯ. ಎರಡನೆಯ ಗುರುತು ಇರುವುದನ್ನು ಹೆಚ್ಚಿನ ಯೋಜನೆಗಳಲ್ಲಿ ನಿಶ್ಚಿಂತೆಯಿಂದ ಬಳಸಬಹುದು.

ಒಬ್ಬನೇ ಕೆಲಸ ಮಾಡುವಾಗ ಗಿಟ್ ಯಾಕೆ?

ನಿನ್ನೆ ಓಡುತ್ತಿತ್ತು, ಇವತ್ತು ಓಡುತ್ತಿಲ್ಲ. ನಡುವೆ ಏನು ಬದಲಿಸಿದಿರಿ? ಗಿಟ್ ಡಿಫ್ ಆ ಬದಲಾವಣೆಯನ್ನು ಸಾಲು ಸಾಲಾಗಿ ತೋರಿಸುತ್ತದೆ. ಈ ಒಂದು ಕಾರಣವೇ ಸಾಕು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್ ಕೆಲಸಕ್ಕಾಗಿ ಇದನ್ನು ಬರೆದರು. ಗಿಟ್‌ಹಬ್ ಬಂದದ್ದು 2008ರಲ್ಲಿ. ಎರಡೂ ಒಂದೇ ಅಲ್ಲ: ಗಿಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವ ಟೂಲ್, ಗಿಟ್‌ಹಬ್ ಅದರ ಪ್ರತಿಯನ್ನು ಇಡುವ ಜಾಗ.

ಆ್ಯಡ್, ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಪುಶ್ (ಅದನ್ನು ಗಿಟ್‌ಹಬ್‌ಗೆ ಕಳಿಸುವುದು), ಪುಲ್ (ಅಲ್ಲಿಂದ ತರುವುದು), ಬ್ರಾಂಚ್ (ಕೋಡ್‌ನ ಬೇರೆ ಕವಲು), ಇಷ್ಟರಿಂದ ಶುರು ಮಾಡಿ. ಬ್ರಾಂಚ್ ತಲೆಗೆ ಹತ್ತದಿದ್ದರೆ ಲರ್ನ್ ಗಿಟ್ ಬ್ರಾಂಚಿಂಗ್ ತಾಣದಲ್ಲಿ ಕಮಾಂಡ್ ಕೊಟ್ಟಂತೆ ಚಿತ್ರ ಬದಲಾಗುವುದನ್ನು ನೋಡಿ. ಗಿಟ್‌ನ ಅಧಿಕೃತ ತಾಣದಲ್ಲಿ ಒಂದು ಪೂರ್ತಿ ಪುಸ್ತಕವೇ ಉಚಿತವಾಗಿದೆ, ಮೊದಲ ಮೂರು ಅಧ್ಯಾಯ ಓದಿದರೆ ದಿನನಿತ್ಯದ ಕೆಲಸ ನಡೆಯುತ್ತದೆ. ಕಮಿಟ್ ಕಳೆದುಹೋಯಿತು ಅಂತ ಎದೆ ಧಸಕ್ಕೆಂದಾಗ ಗಿಟ್ ರಿಫ್‌ಲಾಗ್ ನೆನಪಿಡಿ. ಕಮಿಟ್ ಮಾಡಿದ್ದು ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.

ರಿಯಾಕ್ಟ್ ಯಾವಾಗ ಕಲಿಯಬೇಕು?

ರಿಯಾಕ್ಟ್‌ನಂಥ ಫ್ರೇಮ್‌ವರ್ಕ್ (ಆಪ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಇಲ್ಲದೆ ಒಂದು ಚಿಕ್ಕ ಆಪ್ ಕಟ್ಟಲು ಬಂದ ಮೇಲೆ. ಅರೇಯ ಮ್ಯಾಪ್, ಫಿಲ್ಟರ್ ಗೊತ್ತಿರಬೇಕು. ಫೆಚ್ ಮಾಡಿ ಡೇಟಾ ತಂದು ಪುಟದಲ್ಲಿ ತೋರಿಸಲು ಬರಬೇಕು. ಪ್ರಾಮಿಸ್, ಮಾಡ್ಯೂಲ್ ಅಂದರೆ ಏನೆಂದು ತಿಳಿದಿರಬೇಕು. ಇಲ್ಲದಿದ್ದರೆ ತೊಂದರೆ ಜಾವಾಸ್ಕ್ರಿಪ್ಟ್‌ನದ್ದೋ ರಿಯಾಕ್ಟ್‌ನದ್ದೋ ಅಂತ ಬೇರ್ಪಡಿಸಲು ಆಗುವುದೇ ಇಲ್ಲ.

ರಿಯಾಕ್ಟ್ 2013ರಲ್ಲಿ ಬಂತು, ವ್ಯೂ 2014ರಲ್ಲಿ, ಸ್ವೆಲ್ಟ್ 2016ರಲ್ಲಿ. ಇವುಗಳಲ್ಲಿ ಯಾವುದು ದೊಡ್ಡದು ಅನ್ನುವ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಚೆನ್ನಾಗಿ ಬಂದರೆ ಇನ್ನೊಂದಕ್ಕೆ ಹೋಗುವುದು ಕಷ್ಟವಲ್ಲ. ಪಾಠ ಯಾವ ವರ್ಷದ್ದು ಅಂತ ಮಾತ್ರ ನೋಡಿಕೊಳ್ಳಿ. ಕ್ರಿಯೇಟ್ ರಿಯಾಕ್ಟ್ ಆಪ್ ಎಂಬ ಟೂಲ್‌ನಿಂದ ಶುರುವಾಗುವ ಟ್ಯುಟೋರಿಯಲ್ ಸಿಕ್ಕರೆ ಅದು ಹಳೆಯದು. ಹೊಸ ಆಪ್‌ಗಳಿಗೆ ಅದು ಬೇಡ ಅಂತ ರಿಯಾಕ್ಟ್ ತಂಡವೇ 2025ರಲ್ಲಿ ಹೇಳಿದೆ. ಕಲಿಯಲು ಅದರ ಬದಲು ವೀಟ್ ಎಂಬ ಟೂಲ್ ಬಳಸಿ, ಪಾಠಕ್ಕೆ ರಿಯಾಕ್ಟ್‌ನ ಅಧಿಕೃತ ತಾಣಕ್ಕೇ ಹೋಗಿ.

ಎನ್‌ಪಿಎಂನಲ್ಲಿ ಎಲ್ಲಕ್ಕೂ ಪ್ಯಾಕೇಜ್ ಇದೆಯಲ್ಲ, ನಾನೇ ಯಾಕೆ ಬರೆಯಬೇಕು?

ಎನ್‌ಪಿಎಂ ಅಂದರೆ ಬೇರೆಯವರು ಬರೆದಿಟ್ಟ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗುವ ಉಗ್ರಾಣ. ಎಲ್ಲವನ್ನೂ ನೀವೇ ಬರೆಯಬೇಕಾಗಿಲ್ಲ. ಆದರೆ 2016ರ ಮಾರ್ಚ್‌ನಲ್ಲಿ ನಡೆದದ್ದು ಗೊತ್ತಿರಲಿ. ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ಇತ್ತು. ಪದದ ಎಡಕ್ಕೆ ಖಾಲಿ ಜಾಗ ಅಥವಾ ಸೊನ್ನೆ ತುಂಬುವುದಷ್ಟೇ ಅದರ ಕೆಲಸ. ಬರೆದವರು ಅದನ್ನು ಎನ್‌ಪಿಎಂನಿಂದ ತೆಗೆದರು. ಬೇಬಲ್‌ನಂಥ ದೊಡ್ಡ ಟೂಲ್‌ಗಳು ಅದನ್ನು ನೆಚ್ಚಿಕೊಂಡಿದ್ದರಿಂದ ಜಗತ್ತಿನಾದ್ಯಂತ ಬಿಲ್ಡ್‌ಗಳು (ಕೋಡನ್ನು ಓಡಿಸಲು ಸಿದ್ಧಪಡಿಸುವ ಕೆಲಸ) ನಿಂತುಹೋದವು. ಆಮೇಲೆ ಎನ್‌ಪಿಎಂ ಆ ಪ್ಯಾಕೇಜನ್ನು ಮರಳಿ ತಂದಿತು, ತೆಗೆಯುವ ನಿಯಮವನ್ನೂ ಬಿಗಿ ಮಾಡಿತು. ಇವತ್ತು ಅದೇ ಕೆಲಸಕ್ಕೆ ಜಾವಾಸ್ಕ್ರಿಪ್ಟ್‌ನಲ್ಲೇ ಪ್ಯಾಡ್‌ಸ್ಟಾರ್ಟ್ ಇದೆ.

ಹಾಗಾಗಿ ಹಾಕಿಕೊಳ್ಳುವ ಮೊದಲು ನೋಡಿ: ಕೊನೆಯ ಬದಲಾವಣೆ ಯಾವಾಗ ಆಗಿದೆ, ಅದು ಇನ್ನೆಷ್ಟು ಪ್ಯಾಕೇಜ್‌ಗಳನ್ನು ಎಳೆದುಕೊಂಡು ಬರುತ್ತದೆ. ಗಾತ್ರ ತಿಳಿಯಲು ಬಂಡಲ್‌ಫೋಬಿಯಾ ಇದೆ. ಪ್ಯಾಕೇಜ್‌ಗಳ ನಿಖರ ಆವೃತ್ತಿಯನ್ನು ಬರೆದಿಡುವ ಲಾಕ್ ಫೈಲನ್ನು ತಪ್ಪದೆ ಕಮಿಟ್ ಮಾಡಿ.

ಎಐ ಕೋಡ್ ಬರೆದುಕೊಡುವಾಗ ಇಷ್ಟೆಲ್ಲ ಕಲಿಯಬೇಕಾ?

ಬರೆದುಕೊಟ್ಟದ್ದು ಸರಿಯೋ ತಪ್ಪೋ ಹೇಳಬೇಕಾದವರು ನೀವೇ ಅಲ್ವಾ? ಅಲ್ಲಿಗೆ ಉತ್ತರ ಸಿಕ್ಕಿತು. ಎಐ ಇಲ್ಲದ ಫಂಕ್ಷನ್ ಹೆಸರನ್ನು, ಇಲ್ಲದ ಪ್ಯಾಕೇಜ್ ಹೆಸರನ್ನು ಬಹಳ ಧೈರ್ಯದಿಂದ ಹೇಳುತ್ತದೆ. ಅಂಥ ಹೆಸರನ್ನೇ ಯಾರಾದರೂ ಕೆಟ್ಟ ಉದ್ದೇಶದಿಂದ ಎನ್‌ಪಿಎಂನಲ್ಲಿ ನೋಂದಾಯಿಸಿಟ್ಟರೆ, ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಿದವರ ಕಂಪ್ಯೂಟರ್‌ಗೇ ಅಪಾಯ.

ಕಲಿಯುವ ಹಂತದಲ್ಲಿ ಅದನ್ನು ಮೇಷ್ಟರಂತೆ ಬಳಸಿ. 'ಈ ಎರರ್ ಯಾಕೆ ಬಂತು', 'ಈ ಸಾಲನ್ನು ವಿವರಿಸು', 'ನನ್ನ ಕೋಡ್‌ನಲ್ಲಿ ಏನು ತೊಂದರೆ, ಉತ್ತರ ಬೇಡ, ಸುಳಿವು ಕೊಡು' ಅಂತ ಕೇಳಿ. ಉತ್ತರ ಬಂದ ಮೇಲೆ ಎಂಡಿಎನ್‌ನಲ್ಲಿ ಸರಿಯಿದೆಯಾ ಅಂತ ನೋಡಿ, ಓಡಿಸಿ ನೋಡಿ.

ನನ್ನ ಸೈಟ್ ನಿಧಾನ. ಎಲ್ಲಿಂದ ನೋಡಲಿ?

ನೆಟ್‌ವರ್ಕ್ ಟ್ಯಾಬ್ ತೆರೆದು ಗಾತ್ರದ ಪ್ರಕಾರ ಜೋಡಿಸಿ. ಎಷ್ಟೋ ಸಲ ಮೇಲೆ ಬಂದು ಕೂರುವುದು ಒಂದು ಚಿತ್ರ. ಫೋನ್‌ನಲ್ಲಿ ತೆಗೆದ, 4000 ಪಿಕ್ಸೆಲ್ ಅಗಲದ, ಹಲವು ಎಂಬಿ ತೂಕದ ಫೋಟೊ. ಪುಟದಲ್ಲಿ ಅದು ಕಾಣುವುದು 400 ಪಿಕ್ಸೆಲ್ ಜಾಗದಲ್ಲಿ. ಸ್ಕ್ವೂಶ್ ತಾಣಕ್ಕೆ ಎಳೆದು ಹಾಕಿ, ಅಗಲವನ್ನು 800ಕ್ಕೆ ಇಳಿಸಿ, ವೆಬ್‌ಪಿ ಅಥವಾ ಎವಿಐಎಫ್ ಆರಿಸಿ. ಎಡ ಬಲ ಹೋಲಿಸಿ ನೋಡುವ ಗೆರೆ ಇದೆ, ಕಣ್ಣಿಗೆ ವ್ಯತ್ಯಾಸ ಕಾಣದಷ್ಟು ಇಳಿಸಿದರೆ ಸಾಕು. ಬ್ರೌಸರ್‌ನಲ್ಲೇ ಕೆಲಸ ನಡೆಯುವುದರಿಂದ ಚಿತ್ರ ಯಾವ ಸರ್ವರ್‌ಗೂ ಹೋಗುವುದಿಲ್ಲ.

ಚಿತ್ರದ ಟ್ಯಾಗ್‌ನಲ್ಲಿ ಅಗಲ ಎತ್ತರ ಬರೆಯಿರಿ, ಇಲ್ಲದಿದ್ದರೆ ಚಿತ್ರ ಬಂದಾಗ ಕೆಳಗಿನ ಬರಹ ಜಿಗಿಯುತ್ತದೆ. ಕೆಳಗಿರುವ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಮೇಲಿನ ಮುಖ್ಯ ಚಿತ್ರಕ್ಕೆ ಬೇಡ.

ಅಳೆಯಲು ಕ್ರೋಮ್‌ನಲ್ಲೇ ಲೈಟ್‌ಹೌಸ್ ಇದೆ. ಗೂಗಲ್ ಒಳ್ಳೆಯದು ಅಂತ ಹೇಳುವ ಮಿತಿಗಳು ಇವು: ಪರದೆಯ ದೊಡ್ಡ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡ್ ಒಳಗೆ ಪ್ರತಿಕ್ರಿಯೆ ಬರಬೇಕು, ಜಿಗಿತದ ಅಂಕ 0.1 ದಾಟಬಾರದು. ಆದರೆ ಲೈಟ್‌ಹೌಸ್‌ನಲ್ಲಿ ನೂರು ಬಂದರೂ ಅದು ನಿಮ್ಮ ಕಂಪ್ಯೂಟರ್‌ನ ಲೆಕ್ಕ. ಒಂದು ಸಾಧಾರಣ ಫೋನ್‌ನಲ್ಲಿ ತೆರೆದು ನೋಡುವುದನ್ನು ಬಿಡಬೇಡಿ.

ಆಕ್ಸೆಸಿಬಿಲಿಟಿ ಪರೀಕ್ಷಿಸಲು ಯಾವ ಟೂಲ್?

ಆಕ್ಸೆಸಿಬಿಲಿಟಿ ಅಂದರೆ ಅಂಗವೈಕಲ್ಯ ಇರುವವರಿಗೂ ಪುಟ ಬಳಸಲು ಆಗುವುದು. ಪರೀಕ್ಷೆಗೆ ಆ್ಯಕ್ಸ್ ಡೆವ್‌ಟೂಲ್ಸ್ ಅಥವಾ ವೇವ್ ಎಕ್ಸ್‌ಟೆನ್ಷನ್. ಅದಕ್ಕೂ ಮುಂಚೆ ಮೌಸ್ ಬದಿಗಿಟ್ಟು ಟ್ಯಾಬ್ ಕೀಯಿಂದ ಪುಟ ಬಳಸಿ. ಈಗ ಎಲ್ಲಿದ್ದೇನೆ ಅಂತ ಕಾಣುತ್ತಿದೆಯಾ? ಮೆನು ತೆರೆಯುತ್ತದಾ? ಡಿವ್‌ಗೆ ಕ್ಲಿಕ್ ಜೋಡಿಸಿ ಬಟನ್ ಮಾಡಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ, ಟ್ಯಾಬ್ ಅದನ್ನು ದಾಟಿ ಹೋಗುತ್ತದೆ. ನಿಜವಾದ ಬಟನ್ ಟ್ಯಾಗ್ ಬಳಸಿದರೆ ಕೀಬೋರ್ಡ್, ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಎರಡರ ಬೆಂಬಲವೂ ಪುಕ್ಕಟೆಯಾಗಿ ಸಿಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5:1 ಇರಬೇಕು. ಬಣ್ಣ ಆರಿಸುವ ಪೆಟ್ಟಿಗೆಯಲ್ಲೇ ಡೆವ್‌ಟೂಲ್ಸ್ ಇದನ್ನು ತೋರಿಸುತ್ತದೆ. ವಿಂಡೋಸ್‌ನಲ್ಲಿ ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತ. ಒಮ್ಮೆ ಹಾಕಿಕೊಂಡು, ಪರದೆ ನೋಡದೆ ನಿಮ್ಮದೇ ಫಾರ್ಮ್ ತುಂಬಲು ನೋಡಿ. ಲೇಬಲ್ ಇಲ್ಲದ ಇನ್‌ಪುಟ್ ಎಷ್ಟು ಕಷ್ಟ ಕೊಡುತ್ತದೆ ಅಂತ ಯಾವ ರಿಪೋರ್ಟೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಕನ್ನಡದ ಪುಟ ಮಾಡುವಾಗ ಏನು ಗಮನಿಸಬೇಕು?

ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಇರಲಿ, ಪುಟದ ಭಾಷೆಯನ್ನು ಕನ್ನಡ ಅಂತ ಗುರುತಿಸಿ. ನೋಟೊ ಸ್ಯಾನ್ಸ್ ಕನ್ನಡ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಸಾಲುಗಳ ನಡುವಿನ ಅಂತರ ಧಾರಾಳವಾಗಿರಲಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಎತ್ತರ ಕಟ್ಟಿಹಾಕಿದ ಬಟನ್‌ನಲ್ಲಿ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಇನ್ನೊಂದು: 'ಕನ್ನಡ' ಪದದ ಉದ್ದ ಎಷ್ಟು ಅಂತ ಜಾವಾಸ್ಕ್ರಿಪ್ಟನ್ನು ಕೇಳಿದರೆ 5 ಅನ್ನುತ್ತದೆ, ನಮಗೆ ಕಾಣುವುದು ಮೂರೇ ಅಕ್ಷರ. ಹೆಸರಿನ ಪೆಟ್ಟಿಗೆಗೆ ಮ್ಯಾಕ್ಸ್‌ಲೆಂತ್ ಇಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಾಡಿದ ಸೈಟನ್ನು ಉಚಿತವಾಗಿ ಎಲ್ಲಿ ಹಾಕಬಹುದು?

ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮಾತ್ರ ಇದ್ದರೆ ಗಿಟ್‌ಹಬ್ ಪೇಜಸ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಯಾವುದಾದರೂ ಆದೀತು. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಜೊತೆಗೇ ಬರುತ್ತದೆ. ನಿಮ್ಮದೇ ಸರ್ವರ್ ಇದ್ದರೆ ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ.

ಕೋರ್ಸ್ ಸರ್ಟಿಫಿಕೇಟ್‌ಗೆ ಬೆಲೆ ಇದೆಯಾ?

ಸ್ವಲ್ಪ. ಓಡುತ್ತಿರುವ ಒಂದು ಸೈಟ್, ಅದರ ಕೋಡ್, ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದರೆ ಹೇಳಬಲ್ಲ ಉತ್ತರ, ಇವಕ್ಕೆ ಜಾಸ್ತಿ ಬೆಲೆ.

ಎಪಿಐ ಕೀ ಇರುವ ಫೈಲನ್ನು ಗೊತ್ತಿಲ್ಲದೆ ಗಿಟ್‌ಹಬ್‌ಗೆ ಪುಶ್ ಮಾಡಿಬಿಟ್ಟೆ. ಈಗೇನು?

ಎಪಿಐ ಕೀ ಅಂದರೆ ಬೇರೊಂದು ಸೇವೆಯನ್ನು ನಿಮ್ಮ ಕೋಡ್‌ನಿಂದ ಬಳಸಲು ಕೊಡುವ, ಪಾಸ್‌ವರ್ಡ್‌ನಂಥ ಗುಟ್ಟು. ಮೊದಲು ಆ ಕೀ ಕೊಟ್ಟ ಸೇವೆಗೆ ಹೋಗಿ ಅದನ್ನು ರದ್ದು ಮಾಡಿ, ಹೊಸದು ತೆಗೆದುಕೊಳ್ಳಿ. ಈಗಲೇ. ಫೈಲ್ ಅಳಿಸಿ ಮತ್ತೊಂದು ಕಮಿಟ್ ಮಾಡಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಸಾರ್ವಜನಿಕ ರೆಪೊಗಳಲ್ಲಿ (ಗಿಟ್‌ನಲ್ಲಿಟ್ಟ ಯೋಜನೆಗಳು) ಇಂಥ ಕೀಗಳನ್ನೇ ಹುಡುಕುವ ಪ್ರೋಗ್ರಾಮ್‌ಗಳು ಸದಾ ಓಡುತ್ತಿರುತ್ತವೆ. ಹೊಸ ಕೀಯನ್ನು ಡಾಟ್ ಇಎನ್‌ವಿ ಫೈಲ್‌ನಲ್ಲಿಟ್ಟು, ಆ ಫೈಲ್ ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಸೇರಿಸಿ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನೊಳಗೆ ಗುಟ್ಟಿನ ಕೀ ಇಡಲೇಬೇಡಿ. ಎಫ್12 ಒತ್ತುವ ಯಾರಿಗಾದರೂ ಅದು ಕಾಣುತ್ತದೆ. ಅಂಥ ಕೀ ಬೇಕಾಗುವ ಕರೆಗಳನ್ನು ನಿಮ್ಮ ಸರ್ವರ್‌ನಿಂದಲೇ ಮಾಡಿ.